ತೊಳೆಯಬಾರದಿದ್ದ ಹೊಟ್ಟೆ

ನರ್ಸುಗಳ ತರಬೇತಿಯ ಎರಡನೆಯ ದಿನ, ಊಟವಾದ ಮೇಲೆ, ಪಾಠ ಮಾಡುತ್ತಿದ್ದ ಶಾಮಲಾ ಮೇಡಂ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಹತ್ತು ಪ್ರಶ್ನೆಗಳಿದ್ದವು. ಏಳನೆಯದು ಹೀಗಿತ್ತು: ಎರಡು ವರ್ಷದ ಮಗು ಸೀಮೆಎಣ್ಣೆ ಕುಡಿದಿದೆ. ಎಚ್ಚರವಿದೆ, ಕೆಮ್ಮುತ್ತಿದೆ. ನೀವು ಮೊದಲು ಏನು ಮಾಡುತ್ತೀರಿ?

ತನುಜಾ ಯೋಚಿಸಲೇ ಇಲ್ಲ. ‘ಟ್ಯೂಬ್ ಇಳಿಸಿ ಹೊಟ್ಟೆ ತೊಳೆಯುವುದು’ ಎಂದು ಬರೆದು ಎಂಟನೆಯ ಪ್ರಶ್ನೆಗೆ ಹೋದಳು. ಸವಣೂರಿನ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆರು ವರ್ಷ, ಅದಕ್ಕೂ ಮೊದಲು ಒಂದು ಖಾಸಗಿ ದವಾಖಾನೆಯಲ್ಲಿ ಐದು ವರ್ಷ ಕೆಲಸ ಮಾಡಿದವಳು ಅವಳು. ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಬಂದ ಎಷ್ಟು ಜನರ ಹೊಟ್ಟೆ ತೊಳೆದಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ವಿಷ ಅಂದರೆ ಟ್ಯೂಬ್. ಅವಳ ಕೈಗಳಿಗೆ ಅದು ಬಾಯಿಪಾಠವಾಗಿತ್ತು.

ಶಾಮಲಾ ಮೇಡಂ ಹಾಳೆಗಳನ್ನು ನೋಡಿ ಮುಗಿಸಿ ಕನ್ನಡಕ ತೆಗೆದರು. ಧಾರವಾಡದವರು, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು. ಬೈಯುವಾಗಲೂ ದನಿ ಏರಿಸುತ್ತಿರಲಿಲ್ಲ.

“ಏಳನೇದ್ದಕ್ಕ ಮೂವತ್ತೆರಡು ಮಂದಿಯೊಳಗ ಹತ್ತೊಂಬತ್ತು ಮಂದಿ ತಪ್ಪು ಬರದೀರಿ. ಕೇಳ್ರಿ ಇಲ್ಲೆ. ಸೀಮೆಎಣ್ಣಿ ಹೊಟ್ಟ್ಯಾಗ ಇದ್ರ ಅಷ್ಟು ಚಿಂತಿ ಇಲ್ಲ. ಅದು ಪುಪ್ಪುಸಕ್ಕ ಹೋದ್ರ ಕಷ್ಟ ಅದ. ನೀವು ಟ್ಯೂಬ್ ಹಾಕಿದ್ರಿ, ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸಿದ್ರಿ ಅಂದ್ರ, ಮ್ಯಾಲ ಬಂದದ್ದು ಉಸಿರಿನ ದಾರ್ಯಾಗ ಇಳೀತದ. ಹೊಟ್ಟಿ ತೊಳೀಬಾರದು. ವಾಂತಿ ಮಾಡಸಬಾರದು. ಆಕ್ಸಿಜನ್ ನೋಡ್ರಿ, ಉಸಿರು ಎಣಸ್ರಿ, ದೊಡ್ಡ ದವಾಖಾನಿಗೆ ಕಳಸ್ರಿ. ಅಷ್ಟ.”

ಸುತ್ತಲಿದ್ದವರು ಬರೆದುಕೊಂಡರು. ತನುಜಾ ಪೆನ್ನು ಹಿಡಿದೇ ಕುಳಿತಿದ್ದಳು. ಅವಳ ಕಣ್ಣ ಮುಂದೆ ಇದ್ದದ್ದು ಒಂದು ಹೆಸರು: ನುಜಹತ.

ಹತ್ತು ವರ್ಷದ ಹಿಂದಿನ ಮಾತು. ಹೆದ್ದಾರಿಯ ಪಕ್ಕ ಈಗ ಮುಚ್ಚಿಹೋಗಿರುವ ಆ ಖಾಸಗಿ ದವಾಖಾನೆಗೆ ಒಂದು ಮಧ್ಯಾಹ್ನ ಹತ್ತಿಮತ್ತೂರಿನಿಂದ ಗಂಡ ಹೆಂಡತಿ ಮಗುವನ್ನೆತ್ತಿಕೊಂಡು ಓಡಿ ಬಂದಿದ್ದರು. ಡಾಕ್ಟರು ಊಟಕ್ಕೆ ಹೋಗಿದ್ದರು. ತನುಜಾಗೆ ಆಗ ಇಪ್ಪತ್ತನಾಲ್ಕು, ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಮಗುವಿನ ಬಾಯಿಂದ ಸೀಮೆಎಣ್ಣೆ ನಾರುತ್ತಿತ್ತು. ಕೆಮ್ಮುತ್ತಿತ್ತು, ಅಳುತ್ತಿತ್ತು, ಆದರೆ ಮೈಬಣ್ಣ ಚೆನ್ನಾಗಿತ್ತು. ಡಾಕ್ಟರ ಫೋನು ಹತ್ತಲಿಲ್ಲ. ಅವಳು ಕಾಯಲಿಲ್ಲ. ಕಾಯದೆ ಟ್ಯೂಬ್ ಇಳಿಸಿದ್ದು ಧೈರ್ಯದ ಕೆಲಸವೆಂದೇ ಆಗ ಅನಿಸಿತ್ತು. ನೀರು ಹಾಕಿ ಎರಡನೆಯ ಸಲ ತೆಗೆಯುವಷ್ಟರಲ್ಲಿ ಮಗು ಟ್ಯೂಬಿನ ಸುತ್ತಲೇ ವಾಂತಿ ಮಾಡಿಕೊಂಡು ಒಂದೇ ಸಮನೆ ಕೆಮ್ಮಿತು. ತುಟಿ ನೀಲಿಗಟ್ಟಿತು. ಹುಬ್ಬಳ್ಳಿಗೆ ಕಳಿಸಿದರು. ರಿಜಿಸ್ಟರಿನಲ್ಲಿ ಹೆಸರು ತಪ್ಪಾಗಿ ಬರೆದಿದ್ದಕ್ಕೆ ಆ ಅವಸರದಲ್ಲೂ ಅಪ್ಪ ತಿದ್ದಿಸಿದ್ದ: “ನುಜಹತ ಅಂತ ಬರೀರಿ.” ಅದಕ್ಕೇ ಹೆಸರು ನೆನಪುಳಿದಿತ್ತು. ಮುಂದೆ ಏನಾಯಿತೆಂದು ಯಾರೂ ಹೇಳಲಿಲ್ಲ. ಕೇಳಬೇಕೆಂದು ಅವಳಿಗೂ ಅನಿಸಲಿಲ್ಲ. ತುರ್ತು ವಿಭಾಗದಲ್ಲಿ ಹಾಗೇ. ಬಂದವರು ಮುಂದಿನ ಆಸ್ಪತ್ರೆಗೆ ಹೋಗುತ್ತಾರೆ, ಆಮೇಲೆ ಇನ್ನೊಬ್ಬರು ಬರುತ್ತಾರೆ.

ಮೂರನೆಯ ದಿನ ಸಂಜೆ ಶಾಮಲಾ ಮೇಡಂ ಮೂವರ ಹೆಸರು ಓದಿದರು. ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಈ ನಾಲ್ಕು ತಾಲ್ಲೂಕಿನ ನರ್ಸುಗಳಿಗೆ ಇದೇ ಪಾಠ ಮುಟ್ಟಿಸುವವರು ಈ ಮೂವರು. ವಿಷದ ಪಾಠ ತನುಜಾಳದ್ದು.

“ಮೇಡಂ, ನನಗ ಬ್ಯಾಡ್ರಿ,” ಎಂದಳು.

“ಯಾಕ? ಕೈಚಳಕದಾಗ ನೀವ ಮುಂದ ಇದ್ರಿ.”

ತನುಜಾ ಸರಿ ಎಂದು ಸಹಿ ಹಾಕಿ ಬಂದಳು.

ಮನೆಯಲ್ಲಿ ಗಂಡ ಸಂಜಯನಿಗೆ ಮಾತ್ರ ನುಜಹತಳ ವಿಷಯ ಹೇಳಿದಳು. ಅವನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಉತ್ತರಪತ್ರಿಕೆ ತಿದ್ದುತ್ತಿದ್ದವನು ತಲೆ ಎತ್ತಿದ.

“ಆವಾಗ ನಿನಗ ಹಂಗ ಕಲಿಸಿದ್ರು, ನೀ ಹಂಗ ಮಾಡಿದಿ. ಈಗ ಅದನ್ನ ಕೆದಕಿ ಏನ್ ಮಾಡಾಕಿ?”

“ನನಗ ಯಾರೂ ಹಂಗ ಕಲಿಸಿರಲಿಲ್ಲ. ಎಲ್ಲಾ ವಿಷಕ್ಕೂ ಒಂದ ಅಂತ ನಾನ ತಿಳ್ಕೊಂಡಿದ್ದೆ. ಪುಸ್ತಕದಾಗ ಆವಾಗಿಂದನೂ ಬ್ಯಾಡ ಅಂತನ ಐತಿ. ನಿನ್ನೆ ತಗದು ನೋಡೇನಿ.”

ಹಳೆಯ ಪುಸ್ತಕ ಇನ್ನೂ ಮೇಜಿನ ಮೇಲೇ ಇತ್ತು. ನರ್ಸಿಂಗ್ ಓದುವ ಕಾಲಕ್ಕೆ ಆ ಪುಟದ ಅಂಚಿನಲ್ಲಿ ಅವಳೇ ಪೆನ್ಸಿಲಿನಿಂದ ಗೆರೆ ಹಾಕಿದ್ದಳು.

ಹಿರೇಕೆರೂರಿನಲ್ಲಿ ಮೊದಲ ತರಬೇತಿ. ಅದು ಅವಳ ತವರಿನ ತಾಲ್ಲೂಕು. ಸಭಾಂಗಣದಲ್ಲಿದ್ದ ಇಪ್ಪತ್ತೆಂಟು ಮಂದಿಯಲ್ಲಿ ಇಬ್ಬರು ಅವಳ ಜೊತೆಗೇ ಓದಿದವರು. ಹಾವು ಕಡಿತದ ಪಾಠ, ಕೀಟನಾಶಕದ ಪಾಠ ನೀರು ಹರಿದಂತೆ ಹೋದವು. ಸೀಮೆಎಣ್ಣೆಗೆ ಬಂದಾಗ, “ಒಂದ್ ಕಡೆ ಒಬ್ಬಾಕಿ ಸಿಸ್ಟರ್ ಹಿಂಗ ಮಾಡಿದ್ಲು,” ಎಂದು ಶುರುಮಾಡಿದಳು. ಮಗುವಿನ ಕೆಮ್ಮು, ಟ್ಯೂಬ್, ನೀಲಿಗಟ್ಟಿದ ತುಟಿ, ಎಲ್ಲ ಹೇಳಿದಳು. ತನ್ನ ಹೆಸರೊಂದನ್ನು ಬಿಟ್ಟು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾ ಎಂಬ ಹೊಸ ಹುಡುಗಿ ಕೈ ಎತ್ತಿದಳು. “ಮೇಡಂ, ಆ ಕೂಸು ಏನಾತ್ರಿ?”

“ಹುಬ್ಬಳ್ಳಿಗೆ ಕಳಿಸಿದ್ರು.”

“ಅಲ್ರಿ, ಆಮ್ಯಾಲೆ? ಉಳೀತೇನ್ರಿ?”

ತನುಜಾ ನೀರಿನ ಬಾಟಲಿಗೆ ಕೈ ಹಾಕಿದಳು. “ಗೊತ್ತಿಲ್ಲ,” ಎಂದಳು. ಅದೊಂದೇ ಮಾತು ಅವಳು ಆ ಹೊತ್ತಿನಲ್ಲಿ ಪೂರ್ತಿ ನಿಜವಾಗಿ ಹೇಳಿದ್ದು.

ಬಸ್ಸಿನಲ್ಲಿ ಬರುವಾಗ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಮಗು ಉಳಿದಿರಲಿಕ್ಕಿಲ್ಲ ಎಂದು ಒಂದು ಮನಸ್ಸು. ಉಳಿದಿದ್ದರೆ ಆಗಲೇ ಯಾರಾದರೂ ಬಂದು ಹೇಳುತ್ತಿರಲಿಲ್ಲವೇ? ಸತ್ತಿದ್ದರೂ ಬಂದು ಜಗಳ ತೆಗೆಯುತ್ತಿದ್ದರಲ್ಲ ಎಂದು ಇನ್ನೊಂದು. ಮರುದಿನ ಡ್ಯೂಟಿಯಲ್ಲಿ ಜ್ವರದ ಮಗುವೊಂದಕ್ಕೆ ಸೂಜಿ ಚುಚ್ಚಬೇಕಾಗಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆಕೆ ಡೋಸನ್ನು ಮೂರು ಬಾರಿ ಓದಿದಳು, ಆಮೇಲೆ ಡಾಕ್ಟರನ್ನೂ ಕೇಳಿದಳು. ಡಾಕ್ಟರು ವಿಚಿತ್ರವಾಗಿ ನೋಡಿದರು. ತನಗೆ ಗೊತ್ತಿದೆ ಅಂದುಕೊಂಡಿದ್ದರಲ್ಲಿ ಇನ್ನೇನೇನು ತಪ್ಪಿದೆಯೋ ಎಂಬ ಹೆದರಿಕೆ ಅವಳಿಗೆ ಹತ್ತಿಕೊಂಡಿತ್ತು.

ಕೊನೆಗೆ ಶಾಮಲಾ ಮೇಡಂಗೆ ಫೋನು ಮಾಡಿದಳು. ನುಜಹತಳ ವಿಷಯವನ್ನೆಲ್ಲ ಅವರು ಕೇಳಿಸಿಕೊಂಡರು.

“ಟ್ಯೂಬಿನಿಂದನ ಆತು ಅಂತ ಹೇಳಲಿಕ್ಕೆ ಬರೂದಿಲ್ಲ ತನುಜಾ. ಕುಡಿಯೂ ಮುಂದನ ಒಂದಿಷ್ಟು ಉಸಿರಿನಾಗ ಹೋಗಿರಬಹುದು. ಬಂದಾಗ ಕೆಮ್ಮತಿತ್ತು ಅಂದ್ರಲ್ಲ.”

“ಟ್ಯೂಬಿನಿಂದ ಅಲ್ಲ ಅಂತನೂ ಹೇಳಾಕ ಬರೂದಿಲ್ಲಲ್ರಿ?”

“ಇಲ್ಲ. ಅದೂ ಬರೂದಿಲ್ಲ.” ಮೇಡಂ ಉಸಿರು ಬಿಟ್ಟರು. “ಅವರ ಮನಿಗೆ ಹೋಗಬೇಕು ಅಂತಿದ್ರ ಒಂದು ಮಾತು ನೆನಪಿಟ್ಕೋರಿ. ನಿಮ್ಮ ಎದಿ ಹಗುರ ಆಗಲಿ ಅಂತ ಅವರ ಎದಿ ಮ್ಯಾಲ ಕಲ್ಲು ಇಟ್ಟು ಬರಬ್ಯಾಡ್ರಿ.”

ಆ ಮಾತಿಗೆ ಹೆದರಿ ತನುಜಾ ಒಂದು ವಾರ ಹೋಗಲಿಲ್ಲ. ವಾರದ ರಜೆಯ ದಿನ, ಮಗು ಬದುಕಿದೆಯೋ ಇಲ್ಲವೋ ಅಷ್ಟು ತಿಳಿದುಕೊಂಡು ಬಂದುಬಿಡುತ್ತೇನೆ ಎಂದುಕೊಂಡು ಹತ್ತಿಮತ್ತೂರಿನ ಬಸ್ಸು ಹತ್ತಿದಳು.

ಬಸ್ ನಿಲ್ದಾಣದ ಹತ್ತಿರ ಹಿಟ್ಟಿನ ಗಿರಣಿಯಲ್ಲಿ ಕೇಳಿದಳು. ಗಿರಣಿಯ ಅಜ್ಜಪ್ಪ ಮುಖದ ಮೇಲಿನ ಹಿಟ್ಟು ಒರೆಸಿಕೊಂಡು ಹೊರಗೆ ಬಂದ.

“ನುಜಹತ? ಫಕ್ರುಸಾಬನ ಮೊಮ್ಮಗಳೇನ್ರಿ? ಚಿಮಣಿ ಎಣ್ಣಿ ಕುಡದಿದ್ಲಲ್ಲ, ಆಕಿ?”

“ಹೌದ್ರಿ, ಆಕಿನ.”

“ಪಾಪ, ಭಾಳ ತ್ರಾಸ ಆತು ನೋಡ್ರಿ ಆ ಮನ್ಯಾವ್ರಿಗೆ,” ಎಂದು ಅವನು ಕೈಯಿಂದ ದಾರಿ ತೋರಿಸಿದ. ಮಸೀದಿಯ ಹಿಂದಿನ ಓಣಿ, ಹಸಿರು ಬಾಗಿಲು. ಮುಂದಿನ ಪ್ರಶ್ನೆ ಕೇಳುವ ಧೈರ್ಯ ಬರಲಿಲ್ಲ. ಪಾಪ ಎಂದನಲ್ಲ ಎಂದುಕೊಳ್ಳುತ್ತ ನಡೆದಳು. ಓಣಿಯ ತಿರುವಿನಲ್ಲಿ ಎರಡು ಸಲ ನಿಂತಳು.

ಹಸಿರು ಬಾಗಿಲ ಮುಂದೆ ಒಬ್ಬ ಹೆಂಗಸು ಗೋವಿನಜೋಳ ಹರವುತ್ತಿದ್ದಳು. ತನುಜಾಳನ್ನು ನೋಡಿ ಸೆರಗು ಸರಿಪಡಿಸಿಕೊಂಡಳು. ಮತ್ತೆ ನೋಡಿದಳು. ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ನೀವು ಆ ದವಾಖಾನಿ ಸಿಸ್ಟರ್ ಅಲ್ಲೇನ್ರಿ?”

ಓಡಿಹೋಗಬೇಕೆನಿಸಿತು ತನುಜಾಗೆ. “ಹೌದ್ರಿ,” ಎಂದಳು.

ಆಕೆ, ನುಜಹತಳ ತಾಯಿ ಮುನವ್ವರಾ, ಬಂದು ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. “ಯಾ ಅಲ್ಲಾ! ಹತ್ತ್ ವರ್ಷ ಆತ್ರಿ. ನಿಮ್ಮನ್ನ ಒಂದ್ ಸಲನರ ನೋಡಬೇಕು ಅಂತಿದ್ದೆ. ಒಳಗ ಬರ್ರಿ. ನುಜಹತ! ಏ ನುಜಹತ! ಯಾರ್ ಬಂದಾರ ನೋಡ ಬಾ!”

ಒಳಗಿನಿಂದ ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದ, ತೆಳ್ಳಗಿನ ಹುಡುಗಿಯೊಬ್ಬಳು ಬಂದು ಬಾಗಿಲಿಗೆ ಒರಗಿ ನಿಂತಳು. ಹನ್ನೆರಡು ವರ್ಷ. ಜೀವಂತ. ತನುಜಾ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಚಹಾ ಬಂತು. ಜೊತೆಗೆ ತಟ್ಟೆಯಲ್ಲಿ ಚೂಡಾ. ಮುನವ್ವರಾ ಮಾತು ನಿಲ್ಲಿಸಲೇ ಇಲ್ಲ. ಹುಬ್ಬಳ್ಳಿಯಲ್ಲಿ ಇಪ್ಪತ್ತಾರು ದಿನ ಇದ್ದದ್ದು, ಅದರಲ್ಲಿ ಒಂಬತ್ತು ದಿನ ಮಗು ಯಂತ್ರದ ಮೇಲೆ ಉಸಿರಾಡಿದ್ದು, ಗಂಡ ಶಹಾಬುದ್ದೀನ ಆಸ್ಪತ್ರೆಯ ಅಂಗಳದಲ್ಲೇ ಮಲಗಿದ್ದು. ಈಗಲೂ ಚಳಿಗಾಲ ಬಂದರೆ ಹುಡುಗಿಗೆ ದಮ್ಮು ಹತ್ತುತ್ತದೆ. ಸಾಲೆಯಲ್ಲಿ ಖೊಖೊ ಆಡಲು ಬಿಡುವುದಿಲ್ಲ. “ಇರಲಿ ಬಿಡ್ರಿ, ಜೀವ ಉಳೀತಲ್ಲ. ಡಾಕ್ಟರ ಹಾದಿ ಕಾಯದ ನೀವು ಹೊಟ್ಟಿ ತೊಳದ್ರಿ. ಅದಕ್ಕ ಉಳದಾಳ. ಈ ಓಣ್ಯಾಗ ಎಲ್ಲಾರಿಗೂ ಅದನ್ನ ಹೇಳ್ತೇನಿ ನಾನು. ಕೂಸು ಚಿಮಣಿ ಎಣ್ಣಿ ಕುಡೀಲಿ, ಬಣ್ಣದ ಎಣ್ಣಿ ಕುಡೀಲಿ, ಮೊದಲ ಉಪ್ಪಿನ ನೀರು ಕುಡಿಸಿ ವಾಂತಿ ಮಾಡಸ್ರಿ, ಆಮ್ಯಾಲೆ ದವಾಖಾನಿಗೆ ಒಯ್ದು ಹೊಟ್ಟಿ ತೊಳಸ್ರಿ ಅಂತ. ಹ್ವಾದ ವರ್ಷ ಎದುರಿನ ಮನಿ ಕೂಸಿಗೆ ನಾನ ಕುಡಿಸೇನಿ.”

ತನುಜಾ ಬಟ್ಟಲು ಕೆಳಗಿಟ್ಟಳು.

ಮಗು ಬದುಕಿದೆ ಎಂದು ತಿಳಿದುಕೊಂಡು ಹೋಗಿಬಿಡಲು ಬಂದಿದ್ದಳು. ಬದುಕಿತ್ತು. ಹೊಗಳಿಕೆಯೂ ಸಿಕ್ಕಿತ್ತು. ಎದ್ದು, ಹುಡುಗಿಯ ತಲೆ ಸವರಿ, ಬಸ್ಸು ಹಿಡಿಯಬಹುದಿತ್ತು. ಶಾಮಲಾ ಮೇಡಂ ಹೇಳಿದ ಕಲ್ಲಿನ ಮಾತೂ ನೆನಪಾಯಿತು. ಆದರೆ ಎದುರಿನ ಮನೆಯ ಮಗು?

“ಆ ಕೂಸು ಆರಾಮ ಐತೇನ್ರಿ?”

“ಐತ್ರಿ. ಎರಡ ದಿನ ಕೆಮ್ಮಿತು, ಅಷ್ಟ.”

“ಮುನವ್ವರಾ ಅಕ್ಕಾರ,” ತನುಜಾಳ ದನಿ ಅವಳಿಗೇ ಬೇರೆಯವರದ್ದೆಂಬಂತೆ ಕೇಳಿತು. “ಉಪ್ಪಿನ ನೀರು ಕುಡಸಬಾರದ್ರಿ. ಹೊಟ್ಟಿನೂ ತೊಳೀಬಾರದು. ಚಿಮಣಿ ಎಣ್ಣಿಗೆ ಅದು ಭಾಳ ಅಪಾಯ. ವಾಂತಿ ಆದ್ರ ಎಣ್ಣಿ ಪುಪ್ಪುಸಕ್ಕ ಹೋಕ್ಕತಿ.”

“ಅಲ್ರಿ, ನೀವ ತೊಳದ್ರಲ್ಲ?”

“ತಪ್ಪು ಮಾಡಿದ್ನಿರಿ. ಅದನ್ನ ನಾ ಹೇಳಾಕಬೇಕು. ನನಗ ಆವಾಗ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.”

ಮುನವ್ವರಾ ನಕ್ಕಳು, ತನುಜಾ ಚೇಷ್ಟೆ ಮಾಡುತ್ತಿದ್ದಾಳೇನೋ ಎಂಬಂತೆ. ಆಮೇಲೆ ನಗು ನಿಂತಿತು. ಬಾಗಿಲಲ್ಲಿದ್ದ ಮಗಳನ್ನು ನೋಡಿ, “ನೀ ಒಳಗ ಹೋಗು,” ಎಂದಳು. ಹುಡುಗಿ ಒಳಗೆ ಹೋದಳು.

“ಅಂದ್ರ, ಆ ಒಂಬತ್ತು ದಿನ ಮಷಿನ್ ಮ್ಯಾಗ ಇಟ್ಟಿದ್ದು... ಈಗ ದಮ್ಮು ಹತ್ತೂದು... ಅದು ನಿಮ್ಮಿಂದೇನ್ರಿ?”

“ಇರಬಹುದ್ರಿ. ಕುಡಿಯೂವಾಗನ ಒಂದಿಷ್ಟು ಹೋಗಿರಲೂಬಹುದು. ಖರೇ ಏನು ಅನ್ನೂದು ಯಾರಿಗೂ ಹೇಳಾಕ ಬರೂದಿಲ್ಲ. ಆದ್ರ ನಾ ಟ್ಯೂಬ್ ಹಾಕಿದ ಮ್ಯಾಲೆನ ಆಕಿ ತುಟಿ ನೀಲಿ ಆತು. ನಾ ನೋಡೇನಿ.”

ಮುನವ್ವರಾ ಜೋಳದ ಕಡೆಗೆ ತಿರುಗಿದಳು. ಕೋಳಿಯೊಂದು ಬಂದು ಕುಕ್ಕತೊಡಗಿದರೂ ಓಡಿಸಲಿಲ್ಲ.

“ನಾ ನಿಮ್ಮ ಸಲುವಾಗಿ ದುವಾ ಮಾಡೇನ್ರಿ,” ಎಂದಳು. “ಹತ್ತ್ ವರ್ಷ. ಆಕಿಗೆ ದಮ್ಮು ಹತ್ತಿದಾಗೆಲ್ಲಾ ಆ ಸಿಸ್ಟರ್ ಇರಲಿಲ್ಲಂದ್ರ ಇಷ್ಟೂ ಇರತಿರಲಿಲ್ಲ ಅಂತ ಮನಸಿಗೆ ಹೇಳ್ಕೊಂಡೇನಿ.” ಎದ್ದು ನಿಂತಳು. “ಈಗ ಹೋಗ್ರಿ ನೀವು. ಆಕಿ ಅಪ್ಪ ಬರೂ ಹೊತ್ತಾತು.”

ತನುಜಾ ಎದ್ದಳು. ಚೀಟಿಯಲ್ಲಿ ತನ್ನ ಹೆಸರು, ಫೋನ್ ನಂಬರು ಬರೆದು ಕಟ್ಟೆಯ ಮೇಲಿಟ್ಟಳು. ಮುನವ್ವರಾ ಅದನ್ನು ನೋಡಲೂ ಇಲ್ಲ. ಹಸಿರು ಬಾಗಿಲು ಮುಚ್ಚಿದ ಸದ್ದು ಓಣಿಯ ತಿರುವಿನವರೆಗೂ ಕೇಳಿದಂತಾಯಿತು.

ಮುಂದಿನ ದಿನಗಳು ಇನ್ನೂ ಕಷ್ಟವಾದವು. ತುರ್ತು ವಿಭಾಗದ ಬಾಗಿಲಲ್ಲಿ ಯಾರಾದರೂ ಗಂಡಸು ಏರುದನಿಯಲ್ಲಿ ಮಾತಾಡಿದರೆ ಶಹಾಬುದ್ದೀನನೇ ಬಂದನೆಂದು ತಿರುಗಿ ನೋಡುತ್ತಿದ್ದಳು. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದಳು. “ದೂರು ಕೊಡತಾರೇನು?” ಎಂದು ಸಂಜಯ ಒಂದು ಸಲ ಕೇಳಿದ. “ಕೊಟ್ರ ಕೊಡಲಿ,” ಎಂದಳು. ಆದರೆ ಆ ಸಂಜೆ ಸೊಪ್ಪು ಸೋಸುತ್ತ ಕುಳಿತವಳು ಎಲೆ ಬಿಸಾಡಿ ದಂಟನ್ನು ಪಾತ್ರೆಗೆ ಹಾಕಿದ್ದಳು.

ಎರಡನೆಯ ತರಬೇತಿ ಹಾನಗಲ್ಲದಲ್ಲಿ. ಸೀಮೆಎಣ್ಣೆಯ ಪಾಠ ಬಂದಾಗ ತನುಜಾ ಪಾಠದ ಚಿತ್ರ ತೋರಿಸುತ್ತಿದ್ದ ಪರದೆಯನ್ನು ಆಫ್ ಮಾಡಿದಳು.

“ಇದು ನಾ ಮಾಡಿದ್ದು,” ಎಂದಳು. ಇಸವಿ ಹೇಳಿದಳು, ತನಗಾಗ ಎಷ್ಟು ವಯಸ್ಸೆಂದು ಹೇಳಿದಳು. ಮಗುವಿನ ಹೆಸರು, ಊರು ಹೇಳಲಿಲ್ಲ. ಟ್ಯೂಬ್ ಇಳಿಸುವಾಗ ತನಗೆ ಎಷ್ಟು ಖಾತ್ರಿಯಿತ್ತು ಎನ್ನುವುದನ್ನು ಬಿಡದೆ ಹೇಳಿದಳು. “ಹೆದರಿಕಿ ಆಗಿತ್ತಂದ್ರ ಯಾರಿಗರ ಕೇಳತಿದ್ದೆ. ಹೆದರಿಕಿ ಆಗಲಿಲ್ಲ. ಅದಕ್ಕ ಕೇಳಲಿಲ್ಲ.”

ಹಿಂದಿನ ಸಾಲಿನಲ್ಲಿ ಒಬ್ಬಳು ಮೊಬೈಲು ಎತ್ತಿ ಹಿಡಿದಿದ್ದು ಅವಳಿಗೆ ಕಂಡಿತು. ಆಡೂರು ಕಡೆಯಿಂದ ಬಂದಿದ್ದ ಹಿರಿಯ ನರ್ಸು ದಾನವ್ವ ನಿಧಾನವಾಗಿ ಎದ್ದು ನಿಂತಳು. “ನಾನೂ ತೊಳದೇನಿ,” ಎಂದಳು. “ಮೂರು ಕೂಸಿಗೆ. ಒಂದು ಉಳೀಲಿಲ್ಲ.” ಅಷ್ಟು ಹೇಳಿ ಕುಳಿತು ಕಣ್ಣೊರೆಸಿಕೊಂಡಳು. ಪಕ್ಕದವಳು ಆಕೆಯ ಬೆನ್ನ ಮೇಲೆ ಕೈಯಿಟ್ಟಳು. ತನುಜಾ ಕಾದಳು. ಆಮೇಲೆ ಅಭ್ಯಾಸದ ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿ, ಮಗುವನ್ನು ಹೇಗೆ ಕೂರಿಸಬೇಕು, ಒಂದು ನಿಮಿಷ ಪೂರ್ತಿ ಉಸಿರು ಹೇಗೆ ಎಣಿಸಬೇಕು, ಎಣ್ಣೆ ತಾಗಿದ ಬಟ್ಟೆ ಯಾಕೆ ಬಿಚ್ಚಬೇಕು ಎಂದು ಎಲ್ಲರಿಂದಲೂ ಒಬ್ಬೊಬ್ಬರಾಗಿ ಮಾಡಿಸಿದಳು. ಅವತ್ತಿನ ತರಬೇತಿ ಮುಗಿಯುವುದು ಒಂದು ತಾಸು ತಡವಾಯಿತು.

ಎರಡು ದಿನಕ್ಕೆ ಶಾಮಲಾ ಮೇಡಂ ಫೋನು ಬಂತು. “ನಿಮ್ಮ ಮಾತಿನ ವಿಡಿಯೊ ಸುತ್ತಲಿಕ್ಕೆ ಹತ್ತೇದ. ಮ್ಯಾಲಿನವರು ನನ್ನ ಕೇಳಿದ್ರು. ನೀವು ಒಂದು ಹಾಳ್ಯಾಗ ಆದದ್ದು ಆದಂಗ ಬರದು ಇಟ್ಕೋರಿ, ಕೇಳಿದ್ರ ಕೊಡೂಣು. ಏನಾಗ್ತದೋ ನನಗ ಗೊತ್ತಿಲ್ಲ.” ಆಮೇಲೆ, “ಶಿಗ್ಗಾಂವಿಗೆ ನೀವ ಹೋಗ್ತೀರಿ. ಅದನ್ನ ಬದಲಿ ಮಾಡಿಲ್ಲ,” ಎಂದರು.

ತನುಜಾ ಬರೆಯಲು ಕುಳಿತಳು. ಎರಡು ಸಾಲು ಬರೆಯುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

“ನಾ ಮುನವ್ವರಾ ಮಾತಾಡಾಕತ್ತೇನಿ.”

“ಹೇಳ್ರಿ ಅಕ್ಕಾರ.” ತನುಜಾ ಎದ್ದು ನಿಂತಿದ್ದಳು.

“ನನ್ನ ಸಿಟ್ಟು ಇಳದಿಲ್ಲ. ಅದನ್ನ ಮೊದಲ ಹೇಳ್ತೇನಿ. ಇವರಿಗೂ ಹೇಳೇನಿ. ಇವರು ನಿಮ್ಮ ಹತ್ರ ಬರ್ತೇನಿ ಅಂದ್ರು. ಬಂದು ಏನ್ ಮಾಡ್ತೀರಿ, ಸುಮ್ನ ಕುಂದರ್ರಿ ಅಂದೇನಿ. ಮುಂದ ಏನ್ ಮಾಡ್ತಾರೋ ನನಗ ಗೊತ್ತಿಲ್ಲ.”

“ಹೂನ್ರಿ.”

“ಎದುರಿನ ಮನಿಯಾಕಿ ನಿನ್ನೆ ಕೇಳಿದ್ಲು, ಹಂಗಾದ್ರ ಏನ್ ಮಾಡಬೇಕು ಅಂತ. ನನ್ನ ಬಾಯಾಗ ಮಾತ ಬರಲಿಲ್ಲ. ಹತ್ತ್ ವರ್ಷ ಊರಿಗೆಲ್ಲಾ ಹೇಳಿದಾಕಿ ನಾನು. ಈಗ ನಾನ ತಿದ್ದಬೇಕಲ್ಲ?” ಆಕೆಯ ದನಿ ಒಡೆಯಿತು, ಮತ್ತೆ ಗಟ್ಟಿಯಾಯಿತು. “ಹೇಳ್ರಿ. ಸಾವಕಾಶ ಹೇಳ್ರಿ. ನುಜಹತ ಬರಕೊಳ್ಳಾಕ ಕುಂತಾಳ.”

ತನುಜಾ ಕಣ್ಣು ಮುಚ್ಚಿದಳು. ಆ ಕಡೆಯಿಂದ ನೋಟುಬುಕ್ಕಿನ ಹಾಳೆ ಮಗುಚಿದ ಸದ್ದು, ಅದರ ಹಿಂದೆ ಸಣ್ಣಗೆ ಹುಡುಗಿಯ ಉಸಿರು ಕೇಳಿಸಿತು.

“ಬಾಯಿಗೆ ಏನೂ ಹಾಕಬಾರದು,” ಎಂದಳು ತನುಜಾ. “ನೀರೂ ಬ್ಯಾಡ, ಹಾಲೂ ಬ್ಯಾಡ, ಉಪ್ಪೂ ಬ್ಯಾಡ. ಬೆರಳೂ ಹಾಕಬಾರದು. ಬರದಿ ಏನವ್ವಾ?”

“ಬರದೇನ್ರಿ,” ಎಂದಳು ನುಜಹತ. “ಮುಂದ ಹೇಳ್ರಿ.”